ಇಂಧನೋದ್ಯಮದ ಡಿಜಿಟಲ್ ಪರಿವರ್ತನೆ ಮತ್ತು ಅದರ ಮುಂದಾಳುಗಳು: ಒಂದು ಸಮೀಕ್ಷೆ

ವಿದ್ಯುತ್ತು, ತೈಲ ಮತ್ತು ಅನಿಲದ ಉತ್ಪಾದನೆ, ಸಾಗಣೆ, ಹಂಚಿಕೆಗಳಲ್ಲಿ ತೊಡಗಿರುವ ಸಂಸ್ಥೆಗಳಲ್ಲಿ ಕಳೆದ ಹದಿನೈದು ವರ್ಷಗಳಿಂದ ಒಂದು ಹೊಸ ಹುದ್ದೆ ಕಾಣಿಸಿಕೊಂಡಿದೆ. ಕೆಲವು ಕಡೆ ಅದನ್ನು ಚೀಫ್ ಡಿಜಿಟಲ್ ಆಫೀಸರ್ ಎಂದೂ ಕೆಲವು ಕಡೆ ಮುಖ್ಯ ಮಾಹಿತಿ ಅಧಿಕಾರಿ ಎಂದೂ ಕರೆಯುತ್ತಾರೆ. ಹೆಸರು ಏನೇ ಇದ್ದರೂ ಆ ಹುದ್ದೆಯಲ್ಲಿರುವವರಿಗೆ ವಹಿಸಿರುವ ಕೆಲಸಕ್ಕೆ ಡಿಜಿಟಲ್ ಪರಿವರ್ತನೆ ಎಂಬ ಹೆಸರು ಬಿದ್ದಿದೆ. ಕಾಗದದ ಲೆಡ್ಜರನ್ನು ಕಂಪ್ಯೂಟರಿಗೆ ಏರಿಸುವುದಷ್ಟೇ ಪರಿವರ್ತನೆಯಲ್ಲ. ಯಂತ್ರದಿಂದ, ತಂತಿಯಿಂದ, ಮೀಟರಿನಿಂದ ಬರುವ ಅಳತೆಯು ಸಂಸ್ಥೆ ದಿನವೂ ತೆಗೆದುಕೊಳ್ಳುವ ತೀರ್ಮಾನಗಳನ್ನು ನಿಜವಾಗಿಯೂ ಬದಲಿಸತೊಡಗಿದಾಗ ಮಾತ್ರ ಆ ಮಾತು ಸಲ್ಲುತ್ತದೆ. ಇಂಥ ಕೆಲಸವನ್ನು ಮುನ್ನಡೆಸುವವರು ಎಲ್ಲಿಂದ ಬರುತ್ತಾರೆ, ಅವರ ವೃತ್ತಿಜೀವನ ಯಾವ ಹಾದಿ ಹಿಡಿಯುತ್ತದೆ, ಅವರು ಗೆದ್ದರೋ ಸೋತರೋ ಎಂಬುದನ್ನು ಯಾವುದರಿಂದ ಅಳೆಯಬೇಕು ಎಂಬ ಪ್ರಶ್ನೆಗಳನ್ನು ಅಮೆರಿಕ, ಇಟಲಿ, ನಾರ್ವೆ, ಉಕ್ರೇನ್ ಮತ್ತು ಭಾರತದ ಅನುಭವಗಳ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬ್ಯಾಂಕು, ವಿಮೆ, ಚಿಲ್ಲರೆ ವ್ಯಾಪಾರಗಳಲ್ಲಿ ನಡೆದ ಡಿಜಿಟಲ್ ಪರಿವರ್ತನೆಗೂ ಇಂಧನೋದ್ಯಮದ್ದಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಒಂದು ಟ್ರಾನ್ಸ್‌ಫಾರ್ಮರು ಅಥವಾ ಟರ್ಬೈನು ಮೂವತ್ತು ನಲವತ್ತು ವರ್ಷ ಬಾಳುತ್ತದೆ, ಅದನ್ನು ನೋಡಿಕೊಳ್ಳುವ ತಂತ್ರಾಂಶವಾದರೋ ನಾಲ್ಕೈದು ವರ್ಷಗಳಲ್ಲಿ ಹಳತಾಗುತ್ತದೆ. ಬ್ಯಾಂಕಿನ ತಂತ್ರಾಂಶ ಹತ್ತು ನಿಮಿಷ ನಿಂತರೆ ಗ್ರಾಹಕರು ಕಾಯುತ್ತಾರೆ. ವಿದ್ಯುತ್ ಜಾಲದಲ್ಲಿ ಬೇಡಿಕೆ ಮತ್ತು ಉತ್ಪಾದನೆ ಕ್ಷಣಕ್ಷಣವೂ ಸರಿದೂಗಬೇಕಾಗಿದ್ದು, ಆ ಸಮತೋಲನದ ಸೂಚಕವಾದ ಆವರ್ತನ, ಅಂದರೆ ಭಾರತದಲ್ಲಿ ಪ್ರತಿ ಸೆಕೆಂಡಿಗೆ 50 ಆವರ್ತಗಳೆಂಬ ಲೆಕ್ಕ, ಮಿತಿ ಮೀರಿ ಏರುಪೇರಾದರೆ ಕೆಲವೇ ನಿಮಿಷಗಳಲ್ಲಿ ಹಲವು ರಾಜ್ಯಗಳು ಕತ್ತಲಾಗಬಹುದು. ಆದ್ದರಿಂದ ಇಲ್ಲಿ ತಂತ್ರಾಂಶವನ್ನು ಅವಸರದಲ್ಲಿ ಬಿಡುಗಡೆ ಮಾಡಿ ತಪ್ಪುಗಳನ್ನು ಆಮೇಲೆ ತಿದ್ದಿಕೊಳ್ಳುವ ಪದ್ಧತಿ ನಡೆಯುವುದಿಲ್ಲ.

ಗಣಕಯಂತ್ರ ಇಂಧನೋದ್ಯಮಕ್ಕೆ ಬಂದದ್ದು ಇತ್ತೀಚೆಗಲ್ಲ. 1965ರ ನವೆಂಬರ್ 9ರಂದು ಅಮೆರಿಕದ ಈಶಾನ್ಯ ಭಾಗದಲ್ಲೂ ಕೆನಡಾದ ಒಂಟಾರಿಯೊದಲ್ಲೂ ಸುಮಾರು 3 ಕೋಟಿ ಜನರನ್ನು ಕತ್ತಲಲ್ಲಿರಿಸಿದ ಜಾಲವೈಫಲ್ಯದ ನಂತರ ನಿಯಂತ್ರಣ ಕೇಂದ್ರಗಳಿಗೆ ಕಂಪ್ಯೂಟರು ಬೇಕೇಬೇಕು ಎಂಬ ಅರಿವು ಗಟ್ಟಿಯಾಯಿತು. ಓಹಿಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಎಲೆಕ್ಟ್ರಿಕ್ ಇಲ್ಯುಮಿನೇಟಿಂಗ್ ಕಂಪನಿಯಲ್ಲಿದ್ದ ಫಿಲಿಪೀನ್ಸ್ ಮೂಲದ ಎಂಜಿನಿಯರ್ ಟೊಮಾಸ್ ಡಿ ಲಿಯಾಕೊ 1967ರಲ್ಲಿ ಜಾಲದ ಸ್ಥಿತಿಯನ್ನು ಸಹಜ, ತುರ್ತಿನ, ಪುನಃಸ್ಥಾಪನೆಯ ಎಂಬಂತೆ ವಿಂಗಡಿಸಿ ಕಂಪ್ಯೂಟರಿನ ನೆರವಿನಿಂದ ಭದ್ರತೆಯನ್ನು ಕಾಯುವ ಕ್ರಮವನ್ನು ಮುಂದಿಟ್ಟರು. 1970ರಲ್ಲಿ ಎಂಐಟಿಯ ಫ್ರೆಡ್ ಶ್ವೆಪ್ಪೆ, ಅಳತೆಗಳಲ್ಲಿ ಅಲ್ಪಸ್ವಲ್ಪ ತಪ್ಪಿದ್ದರೂ ಇಡೀ ಜಾಲದ ನಿಜಸ್ಥಿತಿಯನ್ನು ಲೆಕ್ಕ ಹಾಕಿ ತಿಳಿಯುವ ಗಣಿತ ವಿಧಾನವನ್ನು ರೂಪಿಸಿದರು; ಇಂದಿಗೂ ಪ್ರತಿ ದೊಡ್ಡ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಅದು ಹಗಲಿರುಳೂ ಓಡುತ್ತಿರುತ್ತದೆ. ದೂರದ ಉಪಕೇಂದ್ರಗಳ ಅಳತೆಗಳನ್ನು ಒಂದೆಡೆ ತರಿಸಿಕೊಂಡು ಅಲ್ಲಿಂದಲೇ ಸ್ವಿಚ್ಚುಗಳನ್ನು ತೆರೆಯುವ, ಮುಚ್ಚುವ ಸ್ಕಾಡಾ ಎಂಬ ವ್ಯವಸ್ಥೆ ಬೆಳೆದದ್ದೂ ಇದೇ ಕಾಲದಲ್ಲಿ. ಹೀಗೆ ಡಿಜಿಟಲ್ ಎಂಬ ಪದ ಫ್ಯಾಷನ್ನಾಗುವುದಕ್ಕೆ ನಾಲ್ಕು ದಶಕ ಮೊದಲೇ ಈ ಉದ್ಯಮದಲ್ಲಿ ಅದರ ಅತ್ಯಂತ ಕಠಿಣವಾದ ಭಾಗ ಮುಗಿದಿತ್ತು, ಅದನ್ನು ಮಾಡಿದವರು ಜಾಲದ ಒಳಗಿನ ಎಂಜಿನಿಯರುಗಳಾಗಿದ್ದರು.

ಅದೇ ಅವಧಿಯಲ್ಲಿ ಅದೇ ಸಂಸ್ಥೆಗಳ ಲೆಕ್ಕಪತ್ರ ವಿಭಾಗದಲ್ಲಿ ಇನ್ನೊಂದು ಬಗೆಯ ಗಣಕೀಕರಣ ನಡೆಯುತ್ತಿತ್ತು. ಬಿಲ್ಲು, ಸಂಬಳ, ದಾಸ್ತಾನುಗಳಿಂದ ಆರಂಭವಾದ ಅದು 1990ರ ದಶಕದಲ್ಲಿ ಇಡೀ ಸಂಸ್ಥೆಯ ಹಣಕಾಸು, ಖರೀದಿ, ಸಿಬ್ಬಂದಿ ವಿವರಗಳನ್ನು ಒಂದೇ ತಂತ್ರಾಂಶದಡಿ ತರುವ ಇಆರ್‌ಪಿ ವ್ಯವಸ್ಥೆಯಾಗಿ ಹರಡಿತು. ಈ ಎರಡು ಹೊಳೆಗಳು ಬಹುಕಾಲ ಕೂಡಲೇ ಇಲ್ಲ. ಯಂತ್ರಗಳನ್ನು ನಡೆಸುವ ಕಡೆಯದನ್ನು ಕಾರ್ಯಾಚರಣಾ ತಂತ್ರಜ್ಞಾನವೆಂದೂ ಕಚೇರಿಯ ಕಡೆಯದನ್ನು ಮಾಹಿತಿ ತಂತ್ರಜ್ಞಾನವೆಂದೂ ಉದ್ಯಮದವರು ಬೇರ್ಪಡಿಸಿ ಹೇಳುತ್ತಾರೆ. ಎರಡಕ್ಕೂ ಬೇರೆ ಬೇರೆ ಮುಖ್ಯಸ್ಥರು, ಬೇರೆ ಬೇರೆ ಬಜೆಟ್ಟುಗಳು, ಬೇರೆ ಬೇರೆ ಭಾಷೆಗಳು. ಈ ಬಿರುಕು ಎಷ್ಟು ಅಪಾಯಕಾರಿಯಾಗಬಲ್ಲದು ಎಂಬುದಕ್ಕೆ 2003ರ ಆಗಸ್ಟ್ 14ರ ಮಧ್ಯಾಹ್ನದ ಘಟನೆಗಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಅಂದು ಓಹಿಯೊದ ಫಸ್ಟ್‌ಎನರ್ಜಿ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ 2 ಗಂಟೆ 14 ನಿಮಿಷದ ನಂತರ ಎಚ್ಚರಿಕೆಯ ಗಂಟೆಗಳನ್ನು ಬಾರಿಸಬೇಕಾಗಿದ್ದ ತಂತ್ರಾಂಶ ಸದ್ದಿಲ್ಲದೆ ಸತ್ತುಹೋಯಿತು. ಎರಡು ಪ್ರಕ್ರಿಯೆಗಳು ಒಂದೇ ಮಾಹಿತಿಗೆ ಒಮ್ಮೆಗೇ ಕೈ ಹಾಕಿದಾಗ ಮಾತ್ರ ತಲೆದೋರುವಂಥ ಅಪರೂಪದ ದೋಷ ಅದಕ್ಕೆ ಕಾರಣವೆಂದು ಆಮೇಲೆ ಪತ್ತೆಯಾಯಿತು. ಪರದೆಯ ಮೇಲೆ ಎಚ್ಚರಿಕೆ ಮೂಡದಿದ್ದುದರಿಂದ ಎಲ್ಲವೂ ನೆಟ್ಟಗಿದೆ ಎಂದೇ ಸಿಬ್ಬಂದಿ ಭಾವಿಸಿದರು; ಅಷ್ಟರಲ್ಲಿ 345 ಕಿಲೋವೋಲ್ಟಿನ ಮೂರು ಮಾರ್ಗಗಳು 3 ಗಂಟೆ 5 ನಿಮಿಷದಿಂದ 3 ಗಂಟೆ 41 ನಿಮಿಷದೊಳಗೆ ಒಂದಾದ ಮೇಲೊಂದರಂತೆ ಜೋತುಬಿದ್ದು ಮರಗಳಿಗೆ ತಗುಲಿ ಕಡಿದುಹೋದವು. ಸರ್ವರ್ ಕೆಟ್ಟದ್ದು ತಿಳಿದ ಕಂಪ್ಯೂಟರ್ ವಿಭಾಗದವರು ಅದನ್ನು ಮರುಚಾಲನೆ ಮಾಡಿದರು, ಆದರೆ ಎಚ್ಚರಿಕೆ ವ್ಯವಸ್ಥೆ ನಿಂತಿದೆ ಎಂಬ ಸುದ್ದಿ ಅವರಿಂದ ನಿಯಂತ್ರಣ ಕೊಠಡಿಯವರಿಗೆ ತಲುಪಲಿಲ್ಲ. ಸಂಜೆ ನಾಲ್ಕೂಕಾಲರ ಹೊತ್ತಿಗೆ ಅಮೆರಿಕ ಮತ್ತು ಕೆನಡಾಗಳ ಸುಮಾರು 5 ಕೋಟಿ ಜನರಿಗೆ ವಿದ್ಯುತ್ತು ಇರಲಿಲ್ಲ. ಡಿ ಲಿಯಾಕೊ ದುಡಿದ ಕ್ಲೀವ್‌ಲ್ಯಾಂಡ್ ಕಂಪನಿ 1997ರಲ್ಲಿ ವಿಲೀನದ ಮೂಲಕ ಇದೇ ಫಸ್ಟ್‌ಎನರ್ಜಿಯ ಭಾಗವಾಗಿತ್ತು ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಎರಡೂ ದೇಶಗಳ ಜಂಟಿ ತನಿಖಾ ತಂಡ 2004ರ ಏಪ್ರಿಲಿನಲ್ಲಿ ಕೊಟ್ಟ ವರದಿ ಮರ ಸವರುವುದರಿಂದ ಹಿಡಿದು ತಂತ್ರಾಂಶದವರೆಗೆ ಹಲವು ಲೋಪಗಳನ್ನು ಎತ್ತಿ ತೋರಿಸಿತು. ಅವುಗಳಲ್ಲಿ ಡಿಜಿಟಲ್ ಮುಂದಾಳು ಎಂಬ ಹುದ್ದೆಯ ಅಗತ್ಯವನ್ನು ಅತ್ಯಂತ ಸ್ಪಷ್ಟವಾಗಿ ಹೇಳುವುದು ಪಕ್ಕದ ಕೋಣೆಗೆ ತಲುಪದ ಆ ಒಂದು ಸುದ್ದಿ.

ಆದರೆ 2010ರ ನಂತರ ಆ ಹುದ್ದೆ ಹುಟ್ಟಿದ್ದು ಈ ಅಗತ್ಯದಿಂದಲ್ಲ. ಗೂಗಲ್, ಅಮೆಜಾನ್‌ಗಳಂಥ ಸಂಸ್ಥೆಗಳು ಮಾಹಿತಿಯಿಂದಲೇ ಅಪಾರ ಸಂಪತ್ತು ಗಳಿಸುವುದನ್ನು ಕಂಡ ಹಳೆಯ ಕೈಗಾರಿಕಾ ಸಂಸ್ಥೆಗಳಿಗೆ ತಮ್ಮ ಯಂತ್ರಗಳ ಮಾಹಿತಿಯೂ ಬೇರೆಯವರ ಪಾಲಾದೀತು ಎಂಬ ಭಯ ಹುಟ್ಟಿತು. ಈ ಭಯವನ್ನು ಎಲ್ಲರಿಗಿಂತ ಮೊದಲೇ ಬಾಯಿಬಿಟ್ಟು ಹೇಳಿದವರು ಜನರಲ್ ಎಲೆಕ್ಟ್ರಿಕ್ ಕಂಪನಿಯ ಅಧ್ಯಕ್ಷರಾಗಿದ್ದ ಜೆಫ್ ಇಮ್ಮೆಲ್ಟ್. ಅವರು 2011ರಲ್ಲಿ ಸಿಸ್ಕೊ ಕಂಪನಿಯಿಂದ ಬಿಲ್ ರೂ ಎಂಬ ತಂತ್ರಾಂಶ ತಜ್ಞರನ್ನು ಕರೆತಂದು, ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನ್‌ನಲ್ಲಿ ನೂರು ಕೋಟಿ ಡಾಲರ್ ಬಂಡವಾಳದ ತಂತ್ರಾಂಶ ಕೇಂದ್ರವನ್ನು ಕಟ್ಟುವ ಹೊಣೆ ವಹಿಸಿದರು. ಅನಿಲ ಟರ್ಬೈನು, ವಿಮಾನದ ಎಂಜಿನ್ನು, ರೈಲು ಎಂಜಿನ್ನು, ತೈಲಬಾವಿ ಇವೆಲ್ಲವುಗಳ ಸಂವೇದಕಗಳಿಂದ ಹರಿಯುವ ಮಾಹಿತಿಯನ್ನು ಒಂದೇ ವೇದಿಕೆಯಲ್ಲಿ ಕಲೆಹಾಕಿ, ಯಂತ್ರ ಕೆಡುವುದಕ್ಕೆ ಮೊದಲೇ ಕೆಡುವ ಸೂಚನೆಯನ್ನು ಹಿಡಿಯುವುದು ಅವರ ಯೋಜನೆಯ ಸಾರ. ಪ್ರೆಡಿಕ್ಸ್ ಎಂಬ ಆ ವೇದಿಕೆಯನ್ನು ಕೈಗಾರಿಕಾ ಜಗತ್ತಿನ ಆಪರೇಟಿಂಗ್ ಸಿಸ್ಟಮ್ ಎಂದೇ ಬಣ್ಣಿಸಲಾಯಿತು. 2015ರಲ್ಲಿ ಜಿಇ ಡಿಜಿಟಲ್ ಎಂಬ ಪ್ರತ್ಯೇಕ ಘಟಕ ರಚನೆಯಾಗಿ ರೂ ಅದರ ಮುಖ್ಯಸ್ಥರಾದರು. 2020ರ ಹೊತ್ತಿಗೆ ಜಗತ್ತಿನ ಮೊದಲ ಹತ್ತು ತಂತ್ರಾಂಶ ಕಂಪನಿಗಳಲ್ಲಿ ಒಂದಾಗುವುದು, ಆ ವಹಿವಾಟನ್ನು 1,500 ಕೋಟಿ ಡಾಲರಿಗೆ ಏರಿಸುವುದು ಗುರಿಯೆಂದು ಘೋಷಿಸಲಾಯಿತು. 2000ದಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ತೆರೆದ ಜಾನ್ ಎಫ್. ವೆಲ್ಶ್ ತಂತ್ರಜ್ಞಾನ ಕೇಂದ್ರ ಆ ಕಂಪನಿಯ ದೊಡ್ಡ ಸಂಶೋಧನಾ ಕೇಂದ್ರಗಳಲ್ಲಿ ಒಂದಾಗಿದ್ದುದರಿಂದ ಈ ಮಹತ್ವಾಕಾಂಕ್ಷೆಯ ಸದ್ದು ಕರ್ನಾಟಕದ ಎಂಜಿನಿಯರುಗಳಿಗೂ ಕೇಳಿಸಿತ್ತು.

ಗುರಿ ಕೈಗೂಡಲಿಲ್ಲ. ಸ್ವಂತ ದತ್ತಾಂಶ ಕೇಂದ್ರಗಳನ್ನು ಕಟ್ಟಿಕೊಳ್ಳುವ ಆಸೆಯನ್ನು ಬಿಟ್ಟು ಅಮೆಜಾನ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳ ಕ್ಲೌಡ್ ಸೇವೆಯನ್ನೇ, ಅಂದರೆ ಬಾಡಿಗೆಗೆ ದೊರೆಯುವ ದೂರದ ಗಣಕಶಕ್ತಿಯನ್ನೇ, ಅವಲಂಬಿಸಬೇಕಾಯಿತು. 2017ರಲ್ಲಿ ಪ್ರೆಡಿಕ್ಸಿನ ತಾಂತ್ರಿಕ ತೊಡಕುಗಳನ್ನು ಸರಿಪಡಿಸಲು ಎರಡು ತಿಂಗಳು ಕೆಲಸಕ್ಕೆ ತಡೆ ಹಾಕಲಾಯಿತು. ಅದೇ ವರ್ಷ ಇಮ್ಮೆಲ್ಟ್ ಹುದ್ದೆಯಿಂದ ಇಳಿದರು, ಮರುವರ್ಷದ ಕೊನೆಗೆ ರೂ ಕೂಡ ಸಂಸ್ಥೆ ಬಿಡುವುದಾಗಿ ಪ್ರಕಟವಾಯಿತು. ಆಗ ಪ್ರತ್ಯೇಕಿಸಲು ಹೊರಟ ತಂತ್ರಾಂಶ ವ್ಯವಹಾರದ ವಾರ್ಷಿಕ ವಹಿವಾಟು 120 ಕೋಟಿ ಡಾಲರ್ ಮಾತ್ರ. 2016ರಲ್ಲಿ 91.5 ಕೋಟಿ ಡಾಲರ್ ಕೊಟ್ಟು ಕೊಂಡಿದ್ದ ಸರ್ವಿಸ್‌ಮ್ಯಾಕ್ಸ್ ಕಂಪನಿಯ ಬಹುಪಾಲನ್ನು ಎರಡೇ ವರ್ಷದಲ್ಲಿ ಮಾರಬೇಕಾಯಿತು.

ಈ ಸೋಲನ್ನು ಒಬ್ಬ ಅಧಿಕಾರಿಯ ಅಸಾಮರ್ಥ್ಯವೆಂದು ತಳ್ಳಿಹಾಕುವುದು ಅನ್ಯಾಯ. ಟರ್ಬೈನಿನ ಕಂಪನದ ಅಳತೆಗೂ ತೈಲಬಾವಿಯ ಒತ್ತಡದ ಅಳತೆಗೂ ಸಾಮಾನ್ಯವಾದ ಅಂಶ ಬಹಳ ಕಡಿಮೆ. ಒಂದೇ ಬಗೆಯ ಎರಡು ವಿದ್ಯುತ್ ಸ್ಥಾವರಗಳಲ್ಲೂ ಒಂದೇ ಸಂವೇದಕಕ್ಕೆ ಬೇರೆ ಬೇರೆ ಹೆಸರು, ಬೇರೆ ಬೇರೆ ಮಾನ ಇರುವುದುಂಟು. ಎಲ್ಲಕ್ಕೂ ಒಗ್ಗುವ ವೇದಿಕೆಯೊಂದನ್ನು ಮೊದಲು ಕಟ್ಟಿ ಸಮಸ್ಯೆಗಳನ್ನು ಆಮೇಲೆ ಹುಡುಕಿಕೊಂಡು ಹೋಗುವ ಕ್ರಮವೇ ತಿರುವುಮುರುವಾಗಿತ್ತು. ಸಾಲದ್ದಕ್ಕೆ, ತಮ್ಮ ಸ್ಥಾವರದ ಒಳಗುಟ್ಟನ್ನು ಯಂತ್ರ ಮಾರಿದವರ ಕೈಗೇ ಒಪ್ಪಿಸಲು ಗ್ರಾಹಕರು ಹಿಂಜರಿದರು, ಪ್ರತಿ ತ್ರೈಮಾಸಿಕಕ್ಕೂ ಲಾಭ ತೋರಿಸಬೇಕಾದ ಒತ್ತಡದಿಂದಾಗಿ ಹತ್ತು ವರ್ಷ ತಾಳ್ಮೆ ಬೇಡುವ ಕೆಲಸ ನಡುವಿನಲ್ಲೇ ಉಸಿರುಗಟ್ಟಿತು. ಇಷ್ಟಾದರೂ ವಿದ್ಯುತ್ ಜಾಲವನ್ನು ನಡೆಸುವ ತಂತ್ರಾಂಶ, ಅಂದರೆ ಮೊದಲಿನಿಂದಲೂ ನಿಯಂತ್ರಣ ಕೊಠಡಿಯ ನೆಲದಲ್ಲಿ ಬೇರೂರಿದ್ದ ಭಾಗ, ಅಳಿಯದೆ ಉಳಿದು 2024ರ ಏಪ್ರಿಲಿನಲ್ಲಿ ಪ್ರತ್ಯೇಕ ಕಂಪನಿಯಾದ ಜಿಇ ವರ್ನೋವಾದಲ್ಲಿ ಮುಂದುವರಿದಿದೆ. ಯಾವುದು ಬಿತ್ತು, ಯಾವುದು ನಿಂತಿತು ಎಂಬುದನ್ನು ಒಟ್ಟಿಗೆ ನೋಡಿದಾಗ ಮಾತ್ರ ಈ ಪ್ರಕರಣದ ಪಾಠ ಪೂರ್ಣವಾಗುತ್ತದೆ.

ಇದಕ್ಕೆ ಎದುರಾಗಿ ಇಟಲಿಯ ಎನೆಲ್ ಕಂಪನಿಯ ಉದಾಹರಣೆಯನ್ನು ನೋಡಬಹುದು. ಜಗತ್ತಿನಲ್ಲಿ ಸ್ಮಾರ್ಟ್ ಮೀಟರ್ ಎಂಬ ಮಾತೇ ಹೆಚ್ಚು ಜನರಿಗೆ ಗೊತ್ತಿರದ 2001ರಲ್ಲಿ ಅದು ತನ್ನ ಗ್ರಾಹಕರ ಮೀಟರುಗಳನ್ನು ಬದಲಿಸತೊಡಗಿ, ಸುಮಾರು ಐದು ವರ್ಷಗಳಲ್ಲಿ 3 ಕೋಟಿಗೂ ಹೆಚ್ಚು ಮನೆಗಳಿಗೆ ದೂರದಿಂದಲೇ ಓದಬಲ್ಲ ಮೀಟರುಗಳನ್ನು ಅಳವಡಿಸಿತು. ಮೀಟರಿನ ಅಳತೆಯನ್ನು ಸಾಗಿಸಲು ಬೇರೆ ತಂತಿಯನ್ನೋ ಮೊಬೈಲ್ ಜಾಲವನ್ನೋ ನೆಚ್ಚದೆ ವಿದ್ಯುತ್ ತಂತಿಯ ಮೇಲೆಯೇ ಹತ್ತಿರದ ಟ್ರಾನ್ಸ್‌ಫಾರ್ಮರಿನವರೆಗೆ ಸಂಕೇತ ಕಳಿಸುವ ಉಪಾಯವನ್ನು ಅದು ಬಳಸಿತು. ಮೊದಲು ಅಳತೆ ನೇರವಾಯಿತು, ಅದರಿಂದ ಕಳವು ಮತ್ತು ಓಡಾಟದ ಖರ್ಚು ಇಳಿಯಿತು, ಆ ಉಳಿತಾಯವೇ ಹೂಡಿಕೆಯನ್ನು ತೀರಿಸಿತು. ಕ್ಲೌಡ್ ಮೊದಲಾದ ಮಾತುಗಳು ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ನಾರ್ವೆಯ ಇಕ್ವಿನೋರ್ ಕೂಡ, 2019ರ ಅಕ್ಟೋಬರಿನಲ್ಲಿ ಉತ್ಪಾದನೆ ಆರಂಭಿಸಿದ ಯೋಹಾನ್ ಸ್ವೆರ್ಡ್ರುಪ್ ತೈಲಕ್ಷೇತ್ರದಲ್ಲಿ, ಸಮುದ್ರದ ನಡುವಿನ ಕಟ್ಟೆಯ ಪ್ರತಿಯೊಂದು ಕವಾಟ, ಕೊಳವೆಗೂ ಕಂಪ್ಯೂಟರಿನಲ್ಲೊಂದು ಪ್ರತಿರೂಪವನ್ನು ಸಿದ್ಧಪಡಿಸಿಕೊಂಡು ನಿರ್ವಹಣೆಯನ್ನು ಸುಗಮಗೊಳಿಸಿತು. ಡಿಜಿಟಲ್ ಟ್ವಿನ್ ಎನ್ನುವ ಈ ಕ್ರಮ ಅಲ್ಲಿ ಫಲಿಸಿದ್ದು ಒಂದು ನಿರ್ದಿಷ್ಟ ಕ್ಷೇತ್ರದ ನಿರ್ದಿಷ್ಟ ಯಂತ್ರಗಳನ್ನು ಮುಂದಿಟ್ಟುಕೊಂಡು ಹೊರಟದ್ದರಿಂದ.

ಮುಂದಾಳುವಿನ ಹೊಣೆಗಾರಿಕೆಯಲ್ಲಿ ಭದ್ರತೆಯ ಪಾಲು ಹಿಂದೆಂದಿಗಿಂತ ಹೆಚ್ಚಾಗಿದೆ. 2012ರ ಆಗಸ್ಟಿನಲ್ಲಿ ಸೌದಿ ಅರಾಮ್ಕೊದ ಸುಮಾರು 30,000 ಕಂಪ್ಯೂಟರುಗಳನ್ನು ಶಮೂನ್ ಎಂಬ ಕುತಂತ್ರಾಂಶ ಅಳಿಸಿಹಾಕಿತಾದರೂ ತೈಲ ಉತ್ಪಾದನೆಯ ವ್ಯವಸ್ಥೆ ಕಚೇರಿಯ ಜಾಲದಿಂದ ಬೇರೆಯಾಗಿದ್ದುದರಿಂದ ತೈಲ ಹರಿಯುವುದು ನಿಲ್ಲಲಿಲ್ಲ. ಉಕ್ರೇನಿನಲ್ಲಿ 2015ರ ಡಿಸೆಂಬರ್ 23ರಂದು ಆದದ್ದು ಬೇರೆ. ಮಿಂಚಂಚೆಯ ಮೂಲಕ ಕಚೇರಿಯ ಜಾಲಕ್ಕೆ ನುಸುಳಿ, ತಿಂಗಳುಗಟ್ಟಲೆ ಹೊಂಚುಹಾಕಿ, ಮೂರು ವಿತರಣಾ ಕಂಪನಿಗಳ ನಿಯಂತ್ರಣ ವ್ಯವಸ್ಥೆಗೆ ತಲುಪಿದ ದಾಳಿಕೋರರು ಸಿಬ್ಬಂದಿಯ ಕಣ್ಣೆದುರೇ ಪರದೆಯ ಮೇಲಿನ ಬಾಣವನ್ನು ಓಡಿಸಿ ಒಂದೊಂದೇ ಉಪಕೇಂದ್ರದ ಸ್ವಿಚ್ಚನ್ನು ತೆರೆದರು. ಸುಮಾರು 2,25,000 ಗ್ರಾಹಕರಿಗೆ ವಿದ್ಯುತ್ತು ಕಡಿತವಾಯಿತು. ಅಲ್ಲಿನ ಲೈನ್‌ಮನ್‌ಗಳು ಉಪಕೇಂದ್ರಗಳಿಗೆ ಧಾವಿಸಿ ಕೈಯಿಂದಲೇ ಸ್ವಿಚ್ಚುಗಳನ್ನು ಮುಚ್ಚಿ ಕೆಲವೇ ಗಂಟೆಗಳಲ್ಲಿ ಪೂರೈಕೆಯನ್ನು ಮರಳಿ ತಂದರು. ಕೈಕೆಲಸದ ಆ ಅಭ್ಯಾಸ ಅಳಿದುಹೋಗಿದ್ದರೆ ಕತ್ತಲು ಇನ್ನೆಷ್ಟು ದಿನ ಉಳಿಯುತ್ತಿತ್ತೋ ಹೇಳಲಾಗದು. 2021ರ ಮೇ 7ರಂದು ಅಮೆರಿಕದ ಪೂರ್ವ ಕರಾವಳಿಗೆ ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಕಂಪನಿ ತಾನಾಗಿಯೇ ಕೊಳವೆ ಮಾರ್ಗವನ್ನು ನಿಲ್ಲಿಸಿತು. ಒತ್ತೆಹಣಕ್ಕಾಗಿ ನಡೆದ ದಾಳಿ ಕಚೇರಿಯ ಕಂಪ್ಯೂಟರುಗಳ ಮೇಲೆ ನಡೆದಿತ್ತೇ ಹೊರತು ಕೊಳವೆಯ ನಿಯಂತ್ರಣದ ಮೇಲಲ್ಲ, ಆದರೂ ಎರಡರ ನಡುವಿನ ಗೋಡೆ ಎಷ್ಟು ಭದ್ರ ಎಂಬ ಖಾತ್ರಿ ಇರಲಿಲ್ಲ. ಎರಡನೆಯ ಹಂತದ ದೃಢೀಕರಣವಿಲ್ಲದ, ಬಳಕೆಯಲ್ಲಿಲ್ಲದ ಒಂದು ಹಳೆಯ ಖಾತೆಯ ಪಾಸ್‌ವರ್ಡಿನಿಂದ ಆರಂಭವಾದ ಈ ಪ್ರಸಂಗದಲ್ಲಿ ಕಂಪನಿ ಸುಮಾರು 44 ಲಕ್ಷ ಡಾಲರ್ ಮೌಲ್ಯದ ಬಿಟ್‌ಕಾಯಿನ್ ತೆತ್ತಿತು, ಅದರಲ್ಲಿ ಒಂದು ಭಾಗವನ್ನು ಅಮೆರಿಕ ಸರ್ಕಾರ ಆಮೇಲೆ ವಶಪಡಿಸಿಕೊಂಡಿತು.

ಭಾರತದಲ್ಲಿ ಈ ಬಗೆಯ ನಾಯಕತ್ವ ಬೆಳೆದ ಹಾದಿ ಪಶ್ಚಿಮದ್ದಕ್ಕಿಂತ ಭಿನ್ನ. ಇಲ್ಲಿ ಮೊದಲು ಗಟ್ಟಿಯಾದದ್ದು ಮಹಾಜಾಲ. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದ ಜಾಲಗಳು ಕುಸಿದು, ಎರಡನೆಯ ದಿನ ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶ ವಿದ್ಯುತ್ತಿಲ್ಲದೆ ಉಳಿದಾಗ ದಕ್ಷಿಣದ ಜಾಲ ಉಳಿದ ದೇಶದೊಂದಿಗೆ ಒಂದೇ ಆವರ್ತನದಲ್ಲಿ ಬೆಸೆದಿರಲಿಲ್ಲ, ಹಾಗಾಗಿ ಕರ್ನಾಟಕ ಪಾರಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು ಮತ್ತು ಸೊಲ್ಲಾಪುರದ ನಡುವಿನ 765 ಕಿಲೋವೋಲ್ಟ್ ಮಾರ್ಗ ಆ ಬೆಸುಗೆಯನ್ನು ಹಾಕಿತು. ಅಂದಿನಿಂದ ದೇಶಕ್ಕೆಲ್ಲ ಒಂದೇ ಜಾಲ, ಒಂದೇ ಆವರ್ತನ. ಇಷ್ಟು ದೊಡ್ಡ ಜಾಲದ ನಾಡಿಯನ್ನು ಹಿಡಿಯಲು ಉಪಗ್ರಹದ ಗಡಿಯಾರಕ್ಕೆ ಹೊಂದಿಸಿಕೊಂಡು ಪ್ರತಿ ಸೆಕೆಂಡಿಗೆ ಹತ್ತಾರು ಸಲ ಅಳೆಯುವ ಫೇಸರ್ ಮಾಪಕಗಳನ್ನು ಅಳವಡಿಸಲಾಗಿದೆ. 1988ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ ಅದರ ಮೊದಲ ಮಾದರಿಯನ್ನು ರೂಪಿಸಿದ ತಂಡದ ಮುಂದಾಳು ಭಾರತದಲ್ಲಿ ಹುಟ್ಟಿದ ಅರುಣ್ ಫಡ್ಕೆ. ಜಾಲ ನಿರ್ವಹಣೆಗೆಂದೇ ಪ್ರತ್ಯೇಕಗೊಂಡ ಪೊಸೊಕೊ ಸಂಸ್ಥೆಯ ಮೊದಲ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಎಸ್.ಕೆ. ಸೂನಿ ಅವರು ಹೊರಗಿನಿಂದ ಬಂದ ತಂತ್ರಾಂಶ ತಜ್ಞರಾಗಿರಲಿಲ್ಲ, ಲೋಡ್ ಡಿಸ್ಪ್ಯಾಚ್ ಕೇಂದ್ರಗಳಲ್ಲೇ ಪಳಗಿದವರಾಗಿದ್ದರು. ದಿನವನ್ನು ಹದಿನೈದು ನಿಮಿಷಗಳ 96 ಭಾಗಗಳಾಗಿ ಒಡೆದು, ಪ್ರತಿ ಭಾಗದಲ್ಲೂ ಯಾರು ಎಷ್ಟು ಕೊಡಬೇಕಿತ್ತು, ಎಷ್ಟು ಕೊಟ್ಟರು ಎಂಬುದನ್ನು ಅಳೆದು ಹಣ ಚುಕ್ತಾ ಮಾಡುವ ಶಿಸ್ತು ಅವರ ತಲೆಮಾರಿನ ಎಂಜಿನಿಯರುಗಳ ಕೊಡುಗೆ.

ಆ ಶಿಸ್ತಿನ ಬೆಲೆ ಗೊತ್ತಾದದ್ದು 2020ರ ಏಪ್ರಿಲ್ 5ರ ರಾತ್ರಿ. ಕೋವಿಡ್ ಕಾಲದಲ್ಲಿ ಪ್ರಧಾನಿಯ ಕರೆಯಂತೆ ದೇಶದ ಮನೆಗಳು ಒಂಬತ್ತು ಗಂಟೆಗೆ ಒಂಬತ್ತು ನಿಮಿಷ ದೀಪ ಆರಿಸಿದಾಗ ಬೇಡಿಕೆ ಸುಮಾರು 31,000 ಮೆಗಾವ್ಯಾಟ್‌ನಷ್ಟು ಕುಸಿದು ಮತ್ತೆ ಏರಿತು, ಅದು ಅಂದಾಜು ಮಾಡಿದ್ದಕ್ಕಿಂತ ಎಷ್ಟೋ ಹೆಚ್ಚಿನ ಕುಸಿತ. ಬೇಗ ಇಳಿಸಿ ಏರಿಸಬಹುದಾದ ಜಲವಿದ್ಯುತ್ ಘಟಕಗಳನ್ನು ನಿಮಿಷ ನಿಮಿಷದ ಲೆಕ್ಕದಲ್ಲಿ ಆಡಿಸಿ ಜಾಲವನ್ನು ಕಾಪಾಡಲಾಯಿತು. ಹೊಗಳಿಕೆಗೆ ಪಾತ್ರವಾಗಬೇಕಾದ ಈ ಸಾಧನೆ ಅಂದು ಸುದ್ದಿಯಾದದ್ದು ಕಡಿಮೆ.

ಮಹಾಜಾಲದಲ್ಲಿ ಕಂಡ ಈ ನಿಖರತೆ ಊರ ಕಂಬಕ್ಕೆ ಇಳಿಯುವಷ್ಟರಲ್ಲಿ ಮಸುಕಾಗುತ್ತದೆ. ಜಾಲಕ್ಕೆ ಬಿಟ್ಟ ವಿದ್ಯುತ್ತಿಗೂ ಹಣ ವಸೂಲಾದ ವಿದ್ಯುತ್ತಿಗೂ ಇರುವ ಅಂತರವನ್ನು ತಾಂತ್ರಿಕ ಮತ್ತು ವಾಣಿಜ್ಯ ನಷ್ಟವೆಂದು ಕರೆಯುತ್ತಾರೆ. ತಂತಿ ಕಾಯುವುದರಿಂದ ಆಗುವ ಸೋರಿಕೆ, ಕಳ್ಳತನ, ತಪ್ಪು ಬಿಲ್ಲು, ವಸೂಲಾಗದ ಬಾಕಿ ಎಲ್ಲವೂ ಅದರೊಳಗಿವೆ. ಕೇಂದ್ರ ಸರ್ಕಾರದ 2008ರ ಆರ್-ಎಪಿಡಿಆರ್‌ಪಿ ಯೋಜನೆ ಈ ಅಂತರವನ್ನು ಮೊದಲು ಸರಿಯಾಗಿ ಅಳೆಯಬೇಕು, ಆಮೇಲೆ ತಂತಿ ಕಂಬಗಳಿಗೆ ಹಣ ಸುರಿಯಬೇಕು ಎಂಬ ತತ್ವದ ಮೇಲೆ ನಿಂತಿತ್ತು. 30,000ಕ್ಕೂ ಹೆಚ್ಚು ಜನಸಂಖ್ಯೆಯ ಪಟ್ಟಣಗಳಲ್ಲಿ ಯಾವ ಗ್ರಾಹಕ ಯಾವ ಟ್ರಾನ್ಸ್‌ಫಾರ್ಮರಿಗೆ, ಯಾವ ಟ್ರಾನ್ಸ್‌ಫಾರ್ಮರು ಯಾವ ಫೀಡರಿಗೆ, ಅಂದರೆ ಉಪಕೇಂದ್ರದಿಂದ ಹೊರಡುವ ಮಾರ್ಗಕ್ಕೆ, ಸೇರಿದೆ ಎಂಬ ಪಟ್ಟಿಯನ್ನು ನಕ್ಷೆಯೊಡನೆ ಸಿದ್ಧಪಡಿಸುವುದು ಅದರ ಮೊದಲ ಭಾಗ. ಕೇಳಲು ಸಪ್ಪೆಯೆನಿಸುವ ಈ ಪಟ್ಟಿಯೇ ಮುಂದಿನ ಎಲ್ಲ ತಂತ್ರಾಂಶಗಳ ತಳಪಾಯ. ಅದು ತಪ್ಪಿದ್ದರೆ ಎಷ್ಟೇ ಬುದ್ಧಿವಂತ ಕಂಪ್ಯೂಟರು ತಂದರೂ ಅದು ತಪ್ಪನ್ನೇ ವೇಗವಾಗಿ ಹೇಳುತ್ತದೆ. ದೆಹಲಿಯ ಉತ್ತರ ಭಾಗದಲ್ಲಿ 2002ರಲ್ಲಿ ವಿತರಣೆಯನ್ನು ವಹಿಸಿಕೊಂಡ ಟಾಟಾ ಪವರ್ ಸಹಭಾಗಿತ್ವದ ಕಂಪನಿ 53 ಪ್ರತಿಶತದಷ್ಟಿದ್ದ ಈ ನಷ್ಟವನ್ನು ಹತ್ತು ಪ್ರತಿಶತಕ್ಕಿಂತ ಕೆಳಗೆ ತಂದದ್ದು ಇಂಥ ಪಟ್ಟಿ, ನಕ್ಷೆ, ದೊಡ್ಡ ಗ್ರಾಹಕರ ಮೀಟರುಗಳ ದೂರಓದು ಮತ್ತು ಸ್ಕಾಡಾಗಳನ್ನು ಒಂದರ ಮೇಲೊಂದು ತಾಳ್ಮೆಯಿಂದ ಜೋಡಿಸಿ.

2021ರಲ್ಲಿ ಕೇಂದ್ರ ಸರ್ಕಾರ 3,03,758 ಕೋಟಿ ರೂಪಾಯಿ ಗಾತ್ರದ, ವಿತರಣೆಯನ್ನು ಸುಧಾರಿಸುವ ಆರ್‌ಡಿಎಸ್‌ಎಸ್ ಯೋಜನೆಯನ್ನು ಪ್ರಕಟಿಸಿ 25 ಕೋಟಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರುಗಳ ಗುರಿ ಇಟ್ಟಿತು. 2025ರ ಮಾರ್ಚಿನೊಳಗೆ ಮುಗಿಯಬೇಕಿದ್ದ ಆ ಕೆಲಸ ಗಡುವಿಗೆ ಬಹಳ ಹಿಂದುಳಿಯಿತು. ಖಾಸಗಿ ಸಂಸ್ಥೆಯೊಂದು ಬಂಡವಾಳ ಹೂಡಿ ಮೀಟರು ಅಳವಡಿಸಿ, ಮಾಹಿತಿಯನ್ನು ತಲುಪಿಸುತ್ತ, ವರ್ಷಾನುಗಟ್ಟಲೆ ಮೀಟರಿಗಿಷ್ಟು ಎಂದು ಮಾಸಿಕ ಶುಲ್ಕ ಪಡೆಯುವ ಮಾದರಿಯಿಂದ ವಿತರಣಾ ಕಂಪನಿಗಳಿಗೆ ಒಮ್ಮೆಗೇ ಹಣ ಹೊಂದಿಸುವ ಹೊರೆ ತಪ್ಪುತ್ತದೆ. ಆದರೆ ತಿಂಗಳಿಗೊಮ್ಮೆ ಬರುತ್ತಿದ್ದ ಒಂದು ಅಂಕಿಯ ಜಾಗದಲ್ಲಿ ದಿನಕ್ಕೆ ಹತ್ತಾರು ಅಂಕಿಗಳು ಬಂದು ಬೀಳುವಾಗ ಅವುಗಳನ್ನು ಓದಿ, ಯಾವ ಟ್ರಾನ್ಸ್‌ಫಾರ್ಮರಿಗೆ ಹೊರೆ ಮೀರುತ್ತಿದೆ, ಯಾವ ಬೀದಿಯಲ್ಲಿ ಸೋರಿಕೆಯಿದೆ ಎಂದು ಹೇಳಬಲ್ಲವರು ಕಂಪನಿಯೊಳಗೇ ಇರದಿದ್ದರೆ ಮಾಹಿತಿ ಗುತ್ತಿಗೆದಾರನ ಸರ್ವರಿನಲ್ಲೇ ಉಳಿಯುತ್ತದೆ. ಮನೆಮನೆಗೆ ನಡೆದು ಓದಿಕೊಂಡು ಬರುತ್ತಿದ್ದ ಮೀಟರ್ ರೀಡರುಗಳ ಜೀವನೋಪಾಯದ ಪ್ರಶ್ನೆಯನ್ನೂ ಯೋಜನೆಯ ಟಿಪ್ಪಣಿಗಳು ಬಹುತೇಕ ಬಿಟ್ಟುಬಿಡುತ್ತವೆ. ಬೀದಿಯ ಪ್ರತಿ ಮೀಟರನ್ನೂ ಬಲ್ಲ ಈ ಜನರೇ ಗ್ರಾಹಕರ ಪಟ್ಟಿಯನ್ನು ತಿದ್ದಲು ಅತ್ಯಂತ ಯೋಗ್ಯರು.

ಕರ್ನಾಟಕಕ್ಕೆ ಈ ಕ್ಷೇತ್ರದಲ್ಲಿ ಹಿರಿಮೆಯ ಇತಿಹಾಸವಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಸಾಗಿಸಿದ್ದು ಆ ಕಾಲಕ್ಕೆ ಜಗತ್ತೇ ಗಮನಿಸಿದ ಸಂಗತಿ. 1999ರ ಸುಧಾರಣಾ ಕಾಯ್ದೆಯ ನಂತರ ಪ್ರಸರಣಕ್ಕೆ ಕೆಪಿಟಿಸಿಎಲ್, 2002ರಿಂದ ವಿತರಣೆಗೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳು, ಆಮೇಲೆ ಮೈಸೂರಿನ ಸೆಸ್ಕ್ ರೂಪುಗೊಂಡವು. ಜಪಾನಿನ ಸಾಲದ ನೆರವಿನಿಂದ ಬೆಂಗಳೂರಿನಲ್ಲಿ ಬೆಸ್ಕಾಂ ಕೈಗೊಂಡ ವಿತರಣಾ ಸ್ವಯಂಚಾಲನೆ, ಅಂದರೆ ನೆಲದಡಿಯ ಕೇಬಲ್ಲಿನಲ್ಲಿ ದೋಷ ಬಿದ್ದರೆ ಕೇಂದ್ರದಿಂದಲೇ ಬೇರೆ ದಾರಿಯಲ್ಲಿ ವಿದ್ಯುತ್ತನ್ನು ತಿರುಗಿಸುವ ವ್ಯವಸ್ಥೆ, ದೇಶದಲ್ಲೇ ಆರಂಭದ ಪ್ರಯತ್ನಗಳಲ್ಲೊಂದು. 2023ರಲ್ಲಿ ಗೃಹಜ್ಯೋತಿ ಯೋಜನೆಗಾಗಿ ಒಂದು ಕೋಟಿಗೂ ಮೀರಿದ ಮನೆಗಳ ಆರ್.ಆರ್. ನಂಬರನ್ನು, ಅಂದರೆ ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆಯನ್ನು, ಆಧಾರಿನೊಂದಿಗೆ ಕೆಲವೇ ತಿಂಗಳಲ್ಲಿ ಜೋಡಿಸಲಾಯಿತು; ಮನಸ್ಸು ಮಾಡಿದರೆ ಪಟ್ಟಿಯನ್ನು ಎಷ್ಟು ಬೇಗ ಸರಿಪಡಿಸಬಹುದು ಎಂಬುದಕ್ಕೆ ಅದೇ ಪುರಾವೆ.

ಆದರೆ ರಾಜ್ಯದಲ್ಲಿ ಮಾರಾಟವಾಗುವ ವಿದ್ಯುತ್ತಿನಲ್ಲಿ ಮೂರನೇ ಒಂದು ಭಾಗದಷ್ಟನ್ನು ಹೀರುವ, 30 ಲಕ್ಷಕ್ಕೂ ಹೆಚ್ಚಿರುವ ಕೃಷಿ ಪಂಪ್‌ಸೆಟ್ಟುಗಳ ಬಹುಪಾಲಿಗೆ ಮೀಟರಿಲ್ಲ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತವಾಗಿದ್ದು, ಅವು ಬಳಸಿದ್ದೆಷ್ಟು ಎಂಬುದನ್ನು ಫೀಡರಿನ ಅಳತೆಯಿಂದ ಮತ್ತು ಮಾದರಿ ಲೆಕ್ಕದಿಂದ ಅಂದಾಜು ಮಾಡಿ ಸರ್ಕಾರ ಸಹಾಯಧನ ಕೊಡುತ್ತದೆ. ರೈತರಿಗೆ ಉಚಿತ ವಿದ್ಯುತ್ತು ಕೊಡಬೇಕೇ ಬೇಡವೇ ಎಂಬುದು ಸಮಾಜ ತೀರ್ಮಾನಿಸಬೇಕಾದ ಮಾತು, ಅದನ್ನು ಕೊಡುವುದರಲ್ಲಿ ತಪ್ಪೂ ಇಲ್ಲ. ಅಳೆಯದೆ ಕೊಡುವುದು ಮಾತ್ರ ಬೇರೆಯದೇ ತೊಂದರೆ. ಅಂದಾಜಿನ ಆ ಅಂಕಿಯೊಳಗೆ ಕಳವನ್ನೂ ಸೋರಿಕೆಯನ್ನೂ ಬಚ್ಚಿಡಬಹುದಾದ್ದರಿಂದ ವಿತರಣಾ ಕಂಪನಿಯ ನಷ್ಟದ ಲೆಕ್ಕವೇ ಅಲುಗಾಡುತ್ತದೆ. ಮೀಟರಿಲ್ಲದೆ ವಿದ್ಯುತ್ತು ಪೂರೈಸಬಾರದು ಎಂದು 2003ರ ವಿದ್ಯುತ್ ಕಾಯ್ದೆಯ 55ನೇ ಕಲಂ ಹೇಳಿ ಎರಡು ದಶಕ ಕಳೆದಿದೆ. 2025ರಲ್ಲಿ ಬೆಸ್ಕಾಂ ವ್ಯಾಪ್ತಿಯಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯಗೊಳಿಸಿದಾಗ ಅದರ ಬೆಲೆಯ ಬಗ್ಗೆ ವಿಧಾನಸಭೆಯಲ್ಲೂ ನ್ಯಾಯಾಲಯದಲ್ಲೂ ಪ್ರಶ್ನೆಗಳೆದ್ದವು. ಅಳತೆಯ ದೊಡ್ಡ ತೂತಿರುವ ಪಂಪ್‌ಸೆಟ್ಟಿನ ಕಡೆಗೆ ಅಷ್ಟೇ ಕಾವಿನಿಂದ ಚರ್ಚೆ ಹೊರಳಲಿಲ್ಲ.

ವಿಷಾದದ ಸಂಗತಿಯೆಂದರೆ ಈ ತೂತನ್ನು ಮುಚ್ಚಬಲ್ಲ ಪರಿಣತಿ ಕೈಯಳತೆಯಲ್ಲೇ ಇದೆ. ದೇವನಹಳ್ಳಿಯ ಬಳಿ ಶೆಲ್ ಕಂಪನಿಯ ತಂತ್ರಜ್ಞಾನ ಕೇಂದ್ರ 2017ರಿಂದ ಹೊಸ ಆವರಣದಲ್ಲಿ ನಡೆಯುತ್ತಿದೆ, ಎಕ್ಸಾನ್‌ಮೊಬಿಲ್ ಮೊದಲಾದ ಸಂಸ್ಥೆಗಳ ಕೇಂದ್ರಗಳೂ ಬೆಂಗಳೂರಿನಲ್ಲಿವೆ. ಬೇರೆ ದೇಶಗಳ ಸ್ಥಾವರಗಳಿಗೆ ಬೇಕಾದ ವಿಶ್ಲೇಷಣೆ ಇಲ್ಲಿ ನಡೆಯುತ್ತದೆ, ಆದರೆ ಇಲ್ಲಿನ ತಂತ್ರಜ್ಞರ ವೃತ್ತಿಜೀವನದ ಹಾದಿ ಸರ್ಕಾರಿ ವಿತರಣಾ ಕಂಪನಿಯ ಬಾಗಿಲಿಗೆ ಬರುವುದೇ ಇಲ್ಲ. ಅಲ್ಲಿ ವ್ಯವಸ್ಥಾಪಕ ನಿರ್ದೇಶಕರು ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ ವರ್ಗವಾಗುವ ಆಡಳಿತ ಸೇವೆಯ ಅಧಿಕಾರಿಗಳು. ಮಾಹಿತಿ ತಂತ್ರಜ್ಞಾನದ ಹೊಣೆ ಹೊತ್ತವರಿಗೆ ತಾಂತ್ರಿಕ ನಿರ್ದೇಶಕರಿಗೆ ಸಮನಾದ ಸ್ಥಾನ ಅಪರೂಪ. ಹತ್ತು ವರ್ಷ ಬೇಡುವ ಕೆಲಸಕ್ಕೆ ಇಷ್ಟು ಚಿಕ್ಕ ಅವಧಿ ಸಾಲದು. 2025ರಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಇಂಡಿಯಾ ಎನರ್ಜಿ ಸ್ಟ್ಯಾಕ್ ಎಂಬ ಸಾರ್ವಜನಿಕ ಡಿಜಿಟಲ್ ತಳಹದಿಯನ್ನು ರೂಪಿಸಲು ಕಾರ್ಯಪಡೆ ರಚಿಸಿ, ಆಧಾರ್ ಯೋಜನೆಯನ್ನು ಮುನ್ನಡೆಸಿದ ಬೆಂಗಳೂರಿನ ನಂದನ್ ನಿಲೇಕಣಿ ಅವರನ್ನು ಅದರ ಮುಖ್ಯ ಮಾರ್ಗದರ್ಶಕರನ್ನಾಗಿ ನೇಮಿಸಿದೆ. ಗ್ರಾಹಕನಿಗೂ ಮೀಟರಿಗೂ ಟ್ರಾನ್ಸ್‌ಫಾರ್ಮರಿಗೂ ಒಪ್ಪಿತವಾದ ಗುರುತು ದೊರೆತರೆ ಬಹಳ ಪ್ರಯೋಜನವಿದೆ; ಆದರೆ ಪ್ರೆಡಿಕ್ಸಿನ ಅನುಭವವನ್ನು ಕಂಡವರು ಎಲ್ಲಕ್ಕೂ ಒಂದೇ ವೇದಿಕೆಯೆಂಬ ಆಕರ್ಷಣೆಯ ಬಗ್ಗೆ ಎಚ್ಚರದಿಂದಿರುವುದು ಒಳ್ಳೆಯದು.

ಇಷ್ಟು ಪ್ರಕರಣಗಳನ್ನು ಮುಂದಿಟ್ಟುಕೊಂಡು ನೋಡಿದರೆ ಇಂಧನೋದ್ಯಮದಲ್ಲಿ ಬಾಳಿಕೆ ಬಂದ ಬದಲಾವಣೆಗಳನ್ನು ತಂದವರು ಅಳತೆಯನ್ನು ಮೊದಲು ನೆಟ್ಟಗೆ ಮಾಡಿದವರು, ನಿಯಂತ್ರಣ ಕೊಠಡಿ ಮತ್ತು ಕಂಪ್ಯೂಟರ್ ವಿಭಾಗಗಳನ್ನು ಒಂದೇ ಮೇಜಿಗೆ ಕೂರಿಸಿದವರು, ಆ ಹುದ್ದೆಯಲ್ಲಿ ಸಾಕಷ್ಟು ಕಾಲ ಉಳಿದವರು. ಹೊರಗಿನ ತಂತ್ರಾಂಶ ತಜ್ಞರಿಂದ ಆಗುವ ಉಪಕಾರ ದೊಡ್ಡದೇ, ಆದರೆ ಜಾಲವನ್ನು ಬಲ್ಲವರ ಜೊತೆಗೂಡದೆ ಅದು ಫಲಿಸಿಲ್ಲ. ಇಂಥವರ ಕೆಲಸವನ್ನು ಅವರು ಬಿಡುಗಡೆ ಮಾಡಿದ ಆ್ಯಪುಗಳ ಸಂಖ್ಯೆಯಿಂದ ಅಳೆಯದೆ, ನಷ್ಟ ಎಷ್ಟು ಇಳಿಯಿತು, ಕಡಿತದ ಗಂಟೆಗಳು ಎಷ್ಟು ತಗ್ಗಿದವು, ಅಂದಾಜಿನ ಅಂಕಿಗಳಲ್ಲಿ ಎಷ್ಟು ನಿಜವಾದ ಅಳತೆಗೆ ಬದಲಾದವು ಎಂಬುದರಿಂದಲೇ ಅಳೆಯಬೇಕು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಪರಿಷ್ಕರಣೆಗೆ ಮೊದಲು ಪ್ರತಿ ವಿತರಣಾ ಕಂಪನಿಯ ಲೆಕ್ಕವನ್ನು ಪ್ರಕಟಿಸಿ, ಆಕ್ಷೇಪಣೆಗಳನ್ನು ಆಹ್ವಾನಿಸಿ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಬಿಲ್ಲು ಕಟ್ಟುವ ಯಾವ ಗ್ರಾಹಕರೂ ಅಲ್ಲಿ ಹೋಗಿ ತಮ್ಮ ತಾಲ್ಲೂಕಿನ ಎಷ್ಟು ಫೀಡರುಗಳು, ಎಷ್ಟು ಟ್ರಾನ್ಸ್‌ಫಾರ್ಮರುಗಳು, ಎಷ್ಟು ಪಂಪ್‌ಸೆಟ್ಟುಗಳು ಅಳತೆಗೆ ಒಳಪಟ್ಟಿವೆ ಎಂದು ಕೇಳಬಹುದು, ಕೇಳಬೇಕು.